ಪಿತ್ತಕೋಶದ ಲೋಳೆ ಸ್ರವಿಸುವ ಕೋಶಗಳು: ಒಂದೇ ಪರೀಕ್ಷೆಯಲ್ಲಿ ಮೂರು ಬಣ್ಣ ಏಕೆ?

ಅಂಗಾಂಶಪ್ರಿಯೆ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮನುಷ್ಯನ ಪಿತ್ತಕೋಶದಲ್ಲಿ ಲೋಳೆ ಸ್ರವಿಸುವ ಕೋಶಗಳೊಳಗೆ ಯಾವ ಯಾವ ಸಕ್ಕರೆ ಅಂಟಿದ ಪ್ರೋಟೀನ್‌ಗಳು, ಅಂದರೆ ಗ್ಲೈಕೋಪ್ರೋಟೀನ್‌ಗಳಿವೆ ಎಂಬುದನ್ನು ಕುರಿತು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಆರು ಪಿತ್ತಕೋಶಗಳ ತುಣುಕುಗಳು ಅಗತ್ಯ ಅನುಮತಿಯೊಂದಿಗೆ ನನ್ನ ಕೈಗೆ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಕಲ್ಲಿನ ತೊಂದರೆಯಿಂದ ತೆಗೆದವು.

ನನ್ನ ತೊಡಕು ಇದು. ಪಿಎಚ್ (ಆಮ್ಲೀಯತೆಯ ಅಳತೆ) 2.5ರ ಆಲ್ಸಿಯನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಅದರ ಮೇಲೆ ಸಕ್ಕರೆಗಳನ್ನು ಮಜೆಂಟಾ ಮಾಡುವ ಪಿಎಎಸ್ (ಪೀರಿಯೋಡಿಕ್ ಆಮ್ಲ-ಶಿಫ್) ಪರೀಕ್ಷೆ ಮಾಡಿದೆ. ಒಂದೇ ದಿನ, ಒಂದೇ ಬಾಟಲಿಯ ಬಣ್ಣದಿಂದ ತಯಾರಾದ ಸ್ಲೈಡುಗಳಲ್ಲಿ ಮೂರು ಬಗೆಯ ಚಿತ್ರ ಕಾಣಿಸುತ್ತಿದೆ. ಪಿತ್ತಕೋಶದ ಒಡಲಿನ ಭಾಗದಲ್ಲಿ, ಸಾಲಾಗಿ ನಿಂತ ಎತ್ತರದ ಕಂಬಕೋಶಗಳ ತುದಿಯಲ್ಲಿ ಮಾತ್ರ, ಸೀರೆಯ ಸಣ್ಣ ಅಂಚಿನಷ್ಟು ತೆಳುವಾದ ನೀಲಿ ಪಟ್ಟಿ ಇದೆ. ‘ಕತ್ತು’ ಎಂದು ಗುರುತು ಹಾಕಿದ ಸ್ಲೈಡಿನಲ್ಲಿ ಗೋಡೆಯೊಳಗೆ ಗುಂಪುಗೂಡಿರುವ ಗ್ರಂಥಿಗಳು ಬಹುಮಟ್ಟಿಗೆ ಮಜೆಂಟಾ ಬಣ್ಣದಲ್ಲಿವೆ, ಅಲ್ಲಲ್ಲಿ ನೇರಳೆಯ ಛಾಯೆಯೂ ಇದೆ. ಇನ್ನೊಂದು ಪಿತ್ತಕೋಶದಲ್ಲಿ ಹೊಟ್ಟೆ ಉಬ್ಬಿದ, ಬುಡ ಸಪೂರವಾದ ಒಂಟಿ ಕೋಶಗಳು ಅಚ್ಚ ನೀಲಿಯಾಗಿ ಎದ್ದು ಕಾಣುತ್ತವೆ. ಕರುಳಿನ ಗಾಬ್ಲೆಟ್ ಕೋಶದಂತೆಯೇ ತೋರುವ ಇವು ಪಿತ್ತಕೋಶದಲ್ಲಿ ಇರುವುದಿಲ್ಲ ಎಂದು ನಾವು ಓದಿದ್ದೇವೆ.

ಇವು ಮೂರೂ ಒಂದೇ ಗ್ಲೈಕೋಪ್ರೋಟೀನಿನ ಬೇರೆ ಬೇರೆ ರೂಪಗಳೇ, ಅಥವಾ ಮೂರು ಬೇರೆ ವಸ್ತುಗಳೇ ಎಂದು ನನ್ನ ಮಾರ್ಗದರ್ಶಕರು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಇನ್ನೊಂದು ಗೊಂದಲವೂ ಉಂಟು. ಒಡಲಿನ ಕೋಶಗಳ ಮೇಲೆ ಕಡಲೆಕಾಯಿ ಲೆಕ್ಟಿನ್ (ಸಕ್ಕರೆಯನ್ನು ಹಿಡಿಯುವ ಪ್ರೋಟೀನ್) ಹಾಕಿದಾಗ ಏನೂ ಹಿಡಿಯಲಿಲ್ಲ, ಆದರೆ ಮೊದಲು ನ್ಯೂರಮಿನಿಡೇಸ್ ಕಿಣ್ವದಲ್ಲಿ ನೆನೆಸಿಟ್ಟು ಆಮೇಲೆ ಹಾಕಿದರೆ ಅದೇ ಜಾಗ ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಿತು. ಇದರ ಅರ್ಥವನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.


ಹಳೇ ಮೈಕ್ರೋಟೋಮ್, ಮಲ್ಲೇಶ್ವರ

ಅಮ್ಮಾ, ಬಣ್ಣಕ್ಕೆ ಅರ್ಥ ಹಚ್ಚುವ ಮೊದಲು ತುಣುಕಿನ ಜಾತಕ ನೋಡಬೇಕು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಸ್ಟೋಪೆಥಾಲಜಿ (ಅಂಗಾಂಶ ರೋಗಪರೀಕ್ಷೆ) ಪ್ರಯೋಗಾಲಯದಲ್ಲಿ ಬ್ಲಾಕು, ಅಂದರೆ ಮೇಣದಲ್ಲಿ ಕೂರಿಸಿದ ತುಣುಕು, ಕತ್ತರಿಸಿದವನು. ಅಲ್ಲಿ ನಮ್ಮನ್ನು ಅತಿ ಹೆಚ್ಚು ಮೋಸಗೊಳಿಸಿದ ಅಂಗಗಳಲ್ಲಿ ಪಿತ್ತಕೋಶವೂ ಒಂದು.

ಮೊದಲನೆಯದಾಗಿ, ಇದನ್ನು ಇಡಿಯಾಗಿ ಫಾರ್ಮಲಿನ್ ಡಬ್ಬಿಯಲ್ಲಿ ಹಾಕಿ ಮರುದಿನ ತೆರೆದರೆ ಕೆಲಸ ಕೆಟ್ಟಂತೆಯೇ ಸರಿ. ಒಳಗಿನ ಪಿತ್ತರಸವೇ ಒಳಪದರವನ್ನು ಸವೆಸುತ್ತದೆ. ಫಾರ್ಮಲಿನ್ ಹೊರಗಿನಿಂದ ಒಳಗೆ ಇಳಿಯುವಷ್ಟರಲ್ಲಿ ಮೇಲ್ಮೈ ಕೋಶಗಳು ಕಳಚಿಕೊಂಡು, ಕೋಶದ ತುದಿಯಲ್ಲಿದ್ದ ಲೋಳೆಯ ಕಣಗಳು ಚೆದುರಿಹೋಗಿರುತ್ತವೆ. ಬಂದ ಕೂಡಲೇ ಉದ್ದಕ್ಕೆ ಸೀಳಿ, ಪಿತ್ತರಸವನ್ನು ಮೆಲ್ಲಗೆ ತೊಳೆದು, ತುಣುಕಿನ ಹತ್ತು ಪಟ್ಟಾದರೂ ಫಾರ್ಮಲಿನ್‌ನಲ್ಲಿ ಇಟ್ಟಿದ್ದರೆ ಮಾತ್ರ ‘ತೆಳುವಾದ ಪಟ್ಟಿ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ.

ಎರಡನೆಯದಾಗಿ, ‘ಕತ್ತು’ ಎಂದು ಗುರುತು ಹಾಕಿದವರು ಯಾರು? ತುಣುಕು ಇಡುವ ಕ್ಯಾಸೆಟ್ಟಿನ ಮೇಲೆ ಬರೆದ ಅಕ್ಷರವನ್ನು ನಂಬಬೇಡಿ. ಗ್ರಾಸಿಂಗ್ (ಅಂಗವನ್ನು ಪರಿಶೀಲಿಸಿ ತುಣುಕು ತೆಗೆಯುವ ಕೆಲಸ) ಮಾಡಿದ ದಿನದ ನೋಂದಣಿ ಪುಸ್ತಕವನ್ನು ತರಿಸಿ ನೋಡಿ. ಕತ್ತಿನಲ್ಲಿ ಹುಟ್ಟಿನಿಂದಲೇ ಲೋಳೆ ಗ್ರಂಥಿಗಳಿರುತ್ತವೆ. ಒಡಲಿನಲ್ಲಿ ಅಥವಾ ಬುಡದಲ್ಲಿ (ಕತ್ತಿಗೆ ಎದುರಿನ ತುದಿ, ಫಂಡಸ್) ಅಂಥ ಗ್ರಂಥಿ ಕಂಡರೆ ಅದರ ಕಥೆಯೇ ಬೇರೆ. ಕಾರಣವನ್ನು ವೈದ್ಯರು ಹೇಳಿಯಾರು, ನಾನು ಜಾಗದ ಬಗ್ಗೆ ಮಾತ್ರ ಎಚ್ಚರಿಸುತ್ತಿದ್ದೇನೆ.

ಮೂರನೆಯದು ಬಣ್ಣದ ವಿಚಾರ. ಕೋಶಗಳು ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನೂ ಪಿಎಎಸ್ ಮಜೆಂಟಾ ಮಾಡುತ್ತದೆ. ಆದ್ದರಿಂದ ಪಕ್ಕದ ಸೆಕ್ಷನ್ನಿಗೆ ಗ್ಲೈಕೋಜನ್ನನ್ನು ಒಡೆಯುವ ಡಯಾಸ್ಟೇಸ್ ಕಿಣ್ವ ಹಾಕಿ, ಬಣ್ಣ ಉಳಿಯುತ್ತದೆಯೋ ಹೋಗುತ್ತದೆಯೋ ನೋಡಬೇಕು. ನಮ್ಮ ಕಾಲದಲ್ಲಿ ಕಿಣ್ವದ ಬಾಟಲಿ ಖಾಲಿಯಾದರೆ ಸ್ವಂತ ಎಂಜಲನ್ನೇ ಸ್ಲೈಡಿನ ಮೇಲೆ ಬಿಡುತ್ತಿದ್ದೆವು. ಈಗಿನವರಿಗೆ ಅಸಹ್ಯವೆನಿಸಬಹುದು, ಆದರೆ ಅದರಲ್ಲಿರುವ ಅಮೈಲೇಸ್ ಆ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿತ್ತು. ಇದಲ್ಲದೆ, ಪಿಎಚ್ 2.5ರ ಆಲ್ಸಿಯನ್ ಬ್ಲೂ ಒಂದನ್ನೇ ನಂಬದೆ ಪಿಎಚ್ 1.0ರಲ್ಲಿಯೂ ಮಾಡಿ. ಆಗ ಬಣ್ಣದ ನಂತರ ನೀರಿನಲ್ಲಿ ತೊಳೆಯಬಾರದು, ಶೋಧಕ ಕಾಗದದಿಂದ ಒತ್ತಿ ಒಣಗಿಸಬೇಕು. ನೀರು ತಾಗಿದರೆ ಪಿಎಚ್ ಏರಿ, ಹಿಡಿಯಬಾರದ ಕಡೆಯೆಲ್ಲ ನೀಲಿ ಹಿಡಿಯುತ್ತದೆ. ನನಗೆ ಇದನ್ನು ಕಲಿಯಲು ಎರಡು ಟ್ರೇ ಸ್ಲೈಡು ಹಾಳಾಗಬೇಕಾಯಿತು.

ಪ್ರತಿ ಬಾರಿಯೂ ಸಣ್ಣ ಕರುಳಿನ ಒಂದು ಸ್ಲೈಡನ್ನು ಜೊತೆಗೆ ಇಡಿ. ಅದರ ಗಾಬ್ಲೆಟ್ ಕೋಶಗಳು ಸರಿಯಾಗಿ ನೀಲಿಯಾಗದಿದ್ದರೆ ಆ ದಿನದ ಕೆಲಸವನ್ನೇ ಬದಿಗಿಡಿ.


ಸಕ್ಕರೆ ಸರಪಳಿ, ಯಶವಂತಪುರ

ಮೈಕ್ರೋಟೋಮ್ ಅವರ ಮಾತುಗಳೆಲ್ಲ ಸರಿ. ನಾನು ಜೀವರಸಾಯನಶಾಸ್ತ್ರದ ಕಡೆಯಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನಿಮ್ಮ ಮಾರ್ಗದರ್ಶಕರ ಪ್ರಶ್ನೆಯಲ್ಲಿ ಒಂದು ಮುಖ್ಯವಾದ ಸೂಕ್ಷ್ಮವಿದೆ.

ಲೋಳೆಯ ಪ್ರಧಾನ ವಸ್ತು ಮ್ಯೂಸಿನ್ ಎಂಬ ಗ್ಲೈಕೋಪ್ರೋಟೀನ್ ಬಳಗ. ಮಾರುಕಟ್ಟೆಯಲ್ಲಿ ಒತ್ತಾಗಿ ಕಟ್ಟಿದ ಒಂದು ಮಾರು ಸೇವಂತಿಗೆಯನ್ನು ನೆನಪಿಸಿಕೊಳ್ಳಿ. ಹೂವು ಕಾಣುತ್ತದೆ, ದಾರ ಕಾಣುವುದಿಲ್ಲ, ತೂಕವೂ ಬಹುಪಾಲು ಹೂವಿನದೇ. ಮ್ಯೂಸಿನ್ನಿನಲ್ಲಿ ದಾರ ಎಂದರೆ ಪ್ರೋಟೀನ್. ಅದರಲ್ಲಿ ಸೆರೀನ್, ಥ್ರಿಯೋನೀನ್ ಎಂಬ ಅಮೈನೋ ಆಮ್ಲಗಳು ಮತ್ತೆ ಮತ್ತೆ ಬರುವ ದೀರ್ಘ ಭಾಗಗಳಿವೆ. ಕೋಶದೊಳಗಿನ ಗಾಲ್ಜಿ ಎಂಬ ಭಾಗದಲ್ಲಿ ಅವುಗಳಿಗೆ ಮೊದಲು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆ ಅಂಟುತ್ತದೆ, ಅದರ ಮೇಲೆ ಗ್ಯಾಲಕ್ಟೋಸ್ ಮುಂತಾದವು ಒಂದೊಂದಾಗಿ ಬೆಳೆಯುತ್ತವೆ, ತುದಿಯಲ್ಲಿ ಸಯಾಲಿಕ್ ಆಮ್ಲವೋ ಫ್ಯೂಕೋಸೋ ಕೂರುತ್ತದೆ, ಕೆಲವು ಸಕ್ಕರೆಗಳಿಗೆ ಸಲ್ಫೇಟ್ ಸೇರುತ್ತದೆ. ಕೊನೆಗೆ ಅಣುವಿನ ತೂಕದಲ್ಲಿ ಶೇಕಡ 80ರವರೆಗೂ ಸಕ್ಕರೆಯೇ ಆಗಿರಬಹುದು.

ಈಗ ನಿಮ್ಮ ಪರೀಕ್ಷೆಗಳು ಏನನ್ನು ಓದುತ್ತವೆ ಎಂದು ನೋಡಿ. ಆಲ್ಸಿಯನ್ ಬ್ಲೂ ಧನ ವಿದ್ಯುದಂಶದ ಬಣ್ಣವಾದ್ದರಿಂದ ಋಣ ವಿದ್ಯುದಂಶವಿರುವಲ್ಲಿಗೆ ಅಂಟುತ್ತದೆ. ಪಿಎಚ್ 2.5ರಲ್ಲಿ ಸಯಾಲಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪೂ ಸಲ್ಫೇಟೂ ಎರಡೂ ಅದನ್ನು ಸೆಳೆಯುತ್ತವೆ. ಪಿಎಚ್ 1.0ಕ್ಕೆ ಇಳಿಸಿದರೆ ಕಾರ್ಬಾಕ್ಸಿಲ್ ತನ್ನ ವಿದ್ಯುದಂಶವನ್ನು ಕಳೆದುಕೊಳ್ಳುತ್ತದೆ, ಸಲ್ಫೇಟ್ ಮಾತ್ರ ಉಳಿಯುತ್ತದೆ. ಪಿಎಎಸ್‌ನದು ಬೇರೆ ದಾರಿ. ಪೀರಿಯೋಡಿಕ್ ಆಮ್ಲವು ಸಕ್ಕರೆಯಲ್ಲಿ ಅಕ್ಕಪಕ್ಕ ಇರುವ ಎರಡು ಹೈಡ್ರಾಕ್ಸಿಲ್‌ಗಳ ನಡುವಿನ ಬಂಧವನ್ನು ಮುರಿದು ಆಲ್ಡಿಹೈಡ್ ಮಾಡುತ್ತದೆ, ಶಿಫ್ ದ್ರಾವಣ ಅದನ್ನು ಮಜೆಂಟಾ ಮಾಡುತ್ತದೆ. ಹೀಗಾಗಿ ನಿಮ್ಮ ಜೋಡಿ ಪರೀಕ್ಷೆಯಲ್ಲಿ ಆಮ್ಲೀಯ ಮ್ಯೂಸಿನ್ ನೀಲಿ, ತಟಸ್ಥ ಮ್ಯೂಸಿನ್ ಮಜೆಂಟಾ, ಎರಡೂ ಕೂಡಿದ್ದರೆ ನೇರಳೆ. ಆರೋಗ್ಯಕರ ಪಿತ್ತಕೋಶದ ಮೇಲ್ಮೈ ಕೋಶಗಳಲ್ಲಿ ಸಲ್ಫೇಟ್ ಇರುವ ಮ್ಯೂಸಿನ್ ಪ್ರಧಾನ. ಆದ್ದರಿಂದ ನಿಮ್ಮ ನೀಲಿ ಅಂಚು ಪಿಎಚ್ 1.0ರಲ್ಲಿಯೂ ಉಳಿಯುತ್ತದೆ ಎಂದು ನಿರೀಕ್ಷಿಸುತ್ತೇನೆ.

ಆದರೆ ಇಷ್ಟೆಲ್ಲ ಮಾಡಿದರೂ ನೀವು ನೋಡಿದ್ದು ಹೂವನ್ನು, ದಾರವನ್ನಲ್ಲ. ಒಂದೇ ಪ್ರೋಟೀನ್ ಎರಡು ಕೋಶಗಳಲ್ಲಿ ಎರಡು ಬಗೆಯ ಸಕ್ಕರೆಯನ್ನು ಧರಿಸಬಹುದು, ಎರಡು ಪ್ರೋಟೀನ್‌ಗಳು ಒಂದೇ ಬಗೆಯ ಸಕ್ಕರೆಯನ್ನು ಧರಿಸಬಹುದು. ದಾರವನ್ನು ಹೆಸರಿಸಬೇಕಾದರೆ ಪ್ರತಿಕಾಯಗಳ ಪರೀಕ್ಷೆಯೇ ಬೇಕು. ಜೆಲ್ ಆಗುವ ಮ್ಯೂಸಿನ್‌ಗಳಲ್ಲಿ ಪಿತ್ತಕೋಶದಲ್ಲಿ ಮುಖ್ಯವಾದದ್ದು ಎಂಯುಸಿ5ಬಿ (ಎಂಯುಸಿ ಎಂದರೆ ಮ್ಯೂಸಿನ್‌ನ ಸಂಕ್ಷೇಪ), ಜೊತೆಗೆ ಎಂಯುಸಿ6 ಮತ್ತು ಎಂಯುಸಿ5ಎಸಿ ಕಾಣಸಿಗುತ್ತವೆ. ಎಂಯುಸಿ1, ಎಂಯುಸಿ3 ಹೊರಗೆ ಹರಿದುಹೋಗದೆ ಕೋಶದ ಪೊರೆಗೇ ಅಂಟಿಕೊಂಡಿರುವಂಥವು. ಎಂಯುಸಿ2 ಕರುಳಿನ ಗಾಬ್ಲೆಟ್ ಕೋಶದ ಗುರುತು. ಆದ್ದರಿಂದ ಪ್ರಬಂಧದಲ್ಲಿ ‘ನೀಲಿ ಕಂಡಿತು, ಆದ್ದರಿಂದ ಎಂಯುಸಿ5ಬಿ’ ಎಂದು ದಯವಿಟ್ಟು ಬರೆಯಬೇಡಿ. ಈ ತಪ್ಪನ್ನು ನಾನು ಪರೀಕ್ಷಕನಾಗಿ ಹಲವು ಸಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ.

ಇನ್ನು ಕಡಲೆಕಾಯಿಯ ವಿಚಾರ, ಇದು ನನಗೆ ಬಹಳ ಪ್ರಿಯವಾದದ್ದು. ಲೆಕ್ಟಿನ್ ಎಂದರೆ ನಿರ್ದಿಷ್ಟ ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನ್. ಕಡಲೆಕಾಯಿಯ ಲೆಕ್ಟಿನ್ ಹುಡುಕುವುದು ಗ್ಯಾಲಕ್ಟೋಸ್ ಮತ್ತು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್‌ಗಳ ಒಂದು ಜೋಡಿಯನ್ನು, ಅಂದರೆ ಟಿ ಪ್ರತಿಜನಕವನ್ನು. ಆ ಜೋಡಿಯ ಮೇಲೆ ಸಯಾಲಿಕ್ ಆಮ್ಲ ಕುಳಿತಿದ್ದರೆ ಲೆಕ್ಟಿನ್ನಿಗೆ ಜಾಗವಿಲ್ಲ. ನ್ಯೂರಮಿನಿಡೇಸ್ ಆ ಮುಚ್ಚಳವನ್ನು ಕತ್ತರಿಸಿ ತೆಗೆದ ಮೇಲೆ ಜೋಡಿ ಬಯಲಾಗುತ್ತದೆ, ಕಂದು ಬಣ್ಣ ಬರುತ್ತದೆ. ನಿಮ್ಮ ಫಲಿತಾಂಶದ ಅರ್ಥ ಇಷ್ಟೇ: ಒಡಲಿನ ಕೋಶಗಳ ಮ್ಯೂಸಿನ್ನಿನಲ್ಲಿ ಸಲ್ಫೇಟಿನ ಜೊತೆಗೆ ಸಯಾಲಿಕ್ ಆಮ್ಲವೂ ಇದೆ, ಮತ್ತು ಅದು ಕೆಲವು ಸರಪಳಿಗಳಲ್ಲಿ ಈ ಜೋಡಿಯ ಮೇಲೆಯೇ ಇದೆ. ಆದರೆ ಕಿಣ್ವವಿಲ್ಲದ ಬರಿಯ ಬಫರಿನಲ್ಲಿ ಅಷ್ಟೇ ಹೊತ್ತು ನೆನೆಸಿದ ಇನ್ನೊಂದು ಸೆಕ್ಷನ್ ಕಂದಾಗದೆ ಉಳಿದಿದ್ದರೆ ಮಾತ್ರ ಈ ತೀರ್ಮಾನ ನಿಲ್ಲುತ್ತದೆ.

ಇದಕ್ಕೆ ಜೊತೆಯಾಗಿ ಹಲಸಿನ ಬೀಜದ ಲೆಕ್ಟಿನ್ ಜಾಕಲಿನ್ ಬಳಸಿ ನೋಡಿ. ಅದು ಟಿ ಜೋಡಿಯನ್ನು ಸಯಾಲಿಕ್ ಆಮ್ಲ ಗ್ಯಾಲಕ್ಟೋಸಿನ ಮೇಲಿದ್ದರೂ ಹಿಡಿಯಬಲ್ಲದು. ಕಡಲೆಕಾಯಿ ಹಿಡಿಯದ ಕಡೆ ಹಲಸು ಹಿಡಿದರೆ ನಿಮ್ಮ ವಾದಕ್ಕೆ ಎರಡನೆಯ ಸಾಕ್ಷಿ ಸಿಕ್ಕಂತೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ನಾವು ಸೇರುಗಟ್ಟಲೆ ಕೊಳ್ಳುವ ಕಡಲೆಕಾಯಿಯ ಈ ಪ್ರೋಟೀನಿನ ಸ್ಫಟಿಕ ರಚನೆಯನ್ನು 1994ರಲ್ಲಿಯೂ, ಜಾಕಲಿನ್ನಿನದನ್ನು 1996ರಲ್ಲಿಯೂ ಪ್ರಕಟಿಸಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಅವರ ಸಹೋದ್ಯೋಗಿಗಳು. ಮೂರನೆಯದು ಹುರುಳಿ. ಅದರ ಲೆಕ್ಟಿನ್ ಸರಪಳಿಯ ತುದಿಯಲ್ಲಿರುವ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಹಿಡಿಯುತ್ತದೆ. ಹುರುಳಿಯ ಸಾರವು ಎ ಗುಂಪಿನ ಎ1 ಎಂಬ ಉಪವರ್ಗದ ರಕ್ತಕಣಗಳನ್ನು ಗಂಟುಕಟ್ಟಿಸುತ್ತದೆ ಎಂಬುದನ್ನು ಜಿ. ಡಬ್ಲ್ಯು. ಜಿ. ಬರ್ಡ್ 1951ರಲ್ಲಿ ವರದಿ ಮಾಡಿದರು, ರಕ್ತನಿಧಿಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ನಿಮಗೆ ಇದು ಏಕೆ ಮುಖ್ಯವೆಂದರೆ, ಬಹುಪಾಲು ಜನರಲ್ಲಿ ರಕ್ತದ ಗುಂಪಿನ ಸಕ್ಕರೆಗಳು ರಕ್ತಕಣಗಳ ಮೇಲಷ್ಟೇ ಅಲ್ಲದೆ ಲೋಳೆಯ ಮ್ಯೂಸಿನ್ನಿನ ಮೇಲೆಯೂ ಇರುತ್ತವೆ. ಎ ಗುಂಪಿನ ರೋಗಿಯ ಪಿತ್ತಕೋಶ ಹುರುಳಿ ಲೆಕ್ಟಿನ್ ಹಿಡಿದು, ಓ ಗುಂಪಿನವರದು ಹಿಡಿಯದಿದ್ದರೆ ಅದನ್ನು ರೋಗದ ಲಕ್ಷಣ ಎಂದು ಬರೆದುಬಿಟ್ಟೀರಿ! ಆರೂ ಮಂದಿಯ ರಕ್ತದ ಗುಂಪನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ.


ಜಯನಗರದ ಓದುಗ

ನಾನು ಈ ಕ್ಷೇತ್ರದವನಲ್ಲ. ಆದರೂ ವಿಷಯ ನನ್ನ ಮನೆಗೆ ಸಂಬಂಧಿಸಿದ್ದರಿಂದ ಕೇಳುತ್ತಿದ್ದೇನೆ. ಕಳೆದ ವರ್ಷ ನನ್ನ ಹೆಂಡತಿಯ ಪಿತ್ತಕೋಶವನ್ನು ತೆಗೆದಾಗ, ಶಸ್ತ್ರಚಿಕಿತ್ಸಕರು ಅದನ್ನು ಒಂದು ಸ್ಟೀಲ್ ಬೋಗುಣಿಯಲ್ಲಿ ತಂದು ತೋರಿಸಿದರು. ಕತ್ತಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಕಲ್ಲು ಸಿಕ್ಕಿಕೊಂಡಿತ್ತು. ಸೀಳಿದಾಗ ಒಳಗಿನಿಂದ ಬಂದದ್ದು ಹಸಿರು ಪಿತ್ತವಲ್ಲ, ಗಂಜಿಯ ತಿಳಿಯಂತಹ, ಎಳೆದರೆ ನೂಲಾಗುವ ಬಿಳಿಯ ದ್ರವ. ‘ಇದು ಲೋಳೆ, ಗಾಬರಿ ಬೇಡ’ ಎಂದಷ್ಟೇ ಹೇಳಿದರು. ಪಿತ್ತದ ಚೀಲದಲ್ಲಿ ಪಿತ್ತವೇ ಇಲ್ಲದಿರುವುದು ಹೇಗೆ ಸಾಧ್ಯ? ಜೊತೆಗೆ ಇನ್ನೊಂದು ಸಣ್ಣ ಸಂಶಯ: ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹುರುಳಿ ಸಾರು ಆಗಲೇಬೇಕು, ಆ ಲೆಕ್ಟಿನ್ ನಮ್ಮ ಹೊಟ್ಟೆಯೊಳಗೂ ಹೀಗೆ ಅಂಟುತ್ತದೆಯೇ?


ಕೋಶದರ್ಶಿ, ರೋಗಶಾಸ್ತ್ರ

ಮೊದಲು ಜಯನಗರದವರಿಗೆ. ಹುರುಳಿ ಸಾರನ್ನು ನಿಶ್ಚಿಂತೆಯಿಂದ ಉಣ್ಣಿ. ಚೆನ್ನಾಗಿ ಬೇಯಿಸಿದಾಗ ಆ ಪ್ರೋಟೀನ್ ತನ್ನ ಆಕಾರವನ್ನೂ ಹಿಡಿತವನ್ನೂ ಕಳೆದುಕೊಳ್ಳುತ್ತದೆ.

ನೀವು ಬೋಗುಣಿಯಲ್ಲಿ ಕಂಡದ್ದಕ್ಕೆ ಮ್ಯೂಕೋಸೀಲ್ ಎನ್ನುತ್ತಾರೆ, ಆ ದ್ರವಕ್ಕೆ ‘ಬಿಳಿ ಪಿತ್ತ’ ಎಂಬ ಹೆಸರೂ ಇದೆ, ಅದರಲ್ಲಿ ಪಿತ್ತವಿಲ್ಲದಿದ್ದರೂ. ಪಿತ್ತಕೋಶ ಪಿತ್ತರಸವನ್ನು ತಯಾರಿಸುವುದಿಲ್ಲ. ಯಕೃತ್ತಿನಿಂದ ಬಂದದ್ದರಲ್ಲಿ ಮೂವತ್ತರಿಂದ ಐವತ್ತು ಮಿಲಿಲೀಟರಿನಷ್ಟನ್ನು ಹಿಡಿದಿಟ್ಟು, ನೀರನ್ನೂ ಲವಣವನ್ನೂ ಹೀರಿ ಗಟ್ಟಿ ಮಾಡುವುದು ಅದರ ಮೇಲ್ಮೈ ಕೋಶಗಳ ಮುಖ್ಯ ಕೆಲಸ. ಲೋಳೆ ಸುರಿಸುವುದು ಅವುಗಳ ಎರಡನೆಯ ಕೆಲಸ. ಪಿತ್ತಲವಣಗಳು ಸಾಬೂನಿನಂತೆ ಕೊಬ್ಬನ್ನು ಕರಗಿಸುವಂಥವಾದ್ದರಿಂದ ಕೋಶದ ಪೊರೆಗೆ ಈ ಲೋಳೆಯ ಹೊದಿಕೆ ಬೇಕೇ ಬೇಕು. ಕಲ್ಲು ಕತ್ತಿನಲ್ಲಿ ಸಿಕ್ಕಿಕೊಂಡಾಗ ಹೊಸ ಪಿತ್ತ ಒಳಗೆ ಬರುವುದಿಲ್ಲ, ಒಳಗಿದ್ದ ಬಣ್ಣದ ಅಂಶ ಮತ್ತು ಲವಣಗಳು ಕ್ರಮೇಣ ಹೀರಿಹೋಗುತ್ತವೆ, ಆದರೆ ಕೋಶಗಳು ಲೋಳೆ ಸುರಿಸುವುದನ್ನು ನಿಲ್ಲಿಸುವುದಿಲ್ಲ. ಕೊನೆಗೆ ಚೀಲದಲ್ಲಿ ಉಳಿಯುವುದು ಈ ಚರ್ಚೆಯಲ್ಲಿ ನಾವು ಮಾತನಾಡುತ್ತಿರುವ ಗ್ಲೈಕೋಪ್ರೋಟೀನಿನ ದ್ರಾವಣವೇ.

ಈಗ ಅಂಗಾಂಶಪ್ರಿಯೆ ಅವರಿಗೆ. ನಿಮ್ಮ ಗಾಬ್ಲೆಟ್ ಕೋಶಗಳು ಭ್ರಮೆಯಲ್ಲ. ಸಹಜ ಪಿತ್ತಕೋಶದಲ್ಲಿ ಅವು ಇರುವುದಿಲ್ಲ ಎಂಬುದು ನಿಜ. ದೀರ್ಘಕಾಲದ ಉರಿಯೂತವಿದ್ದಲ್ಲಿ ಒಳಪದರವು ಕರುಳಿನ ಒಳಪದರದ ಸ್ವಭಾವವನ್ನು ತಾಳುತ್ತದೆ, ಆಗ ಗಾಬ್ಲೆಟ್ ಕೋಶಗಳೂ ಎಂಯುಸಿ2 ಕೂಡ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕರುಳಿನ ಬಗೆಯ ರೂಪಾಂತರ ಎನ್ನುತ್ತೇವೆ. ಇದಕ್ಕಿಂತ ಹೆಚ್ಚು ಸಾಮಾನ್ಯವಾದದ್ದು ಜಠರದ ಕೊನೆಯ ಭಾಗವಾದ ಪೈಲೋರಸ್ ಬಗೆಯ ರೂಪಾಂತರ. ಅದರಲ್ಲಿ ತಿಳಿಬಣ್ಣದ ಸಣ್ಣ ಗ್ರಂಥಿಗಳು ಗೋಡೆಯೊಳಗೆ ಗುಂಪುಗಟ್ಟುತ್ತವೆ, ತಟಸ್ಥ ಮ್ಯೂಸಿನ್ ಸ್ರವಿಸುತ್ತವೆ, ಎಂಯುಸಿ6 ಪ್ರತಿಕಾಯಕ್ಕೆ ಸ್ಪಂದಿಸುತ್ತವೆ. ನಿಮ್ಮ ಮಜೆಂಟಾ ಗ್ರಂಥಿಗಳ ವಿವರಣೆ ಓದಿದಾಗ ನನಗೆ ಮೊದಲು ಹೊಳೆದದ್ದೇ ಇದು. ಮೈಕ್ರೋಟೋಮ್ ಅವರು ನೋಂದಣಿ ಪುಸ್ತಕ ನೋಡಿ ಎಂದದ್ದು ಇದಕ್ಕಾಗಿಯೇ: ತುಣುಕು ನಿಜವಾಗಿ ಕತ್ತಿನದಾಗಿದ್ದರೆ ಅವು ಹುಟ್ಟಿನ ಗ್ರಂಥಿಗಳು, ಬುಡದ್ದಾಗಿದ್ದರೆ ರೋಗದ ಗುರುತು. ರೊಕಿಟಾನ್ಸ್ಕಿ-ಆಶಾಫ್ ಕುಹರಗಳನ್ನೂ ಮರೆಯಬೇಡಿ. ಮೇಲ್ಮೈ ಪದರವೇ ಸ್ನಾಯುವಿನೊಳಗೆ ಇಳಿದು ಉಂಟಾದ ಆ ಗುಳಿಗಳು ಅಡ್ಡಕ್ಕೆ ಕತ್ತರಿಸಿದಾಗ ಗ್ರಂಥಿಯಂತೆ ಕಾಣುತ್ತವೆ, ಆದರೆ ಅವುಗಳ ಕೋಶಗಳು ಎತ್ತರವಾಗಿದ್ದು ಮೇಲ್ಮೈಯ ಬಣ್ಣವನ್ನೇ ತೋರಿಸುತ್ತವೆ.

ಕಲ್ಲಿಗೂ ಮ್ಯೂಸಿನ್ನಿಗೂ ಇರುವ ನಂಟನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಪಿತ್ತರಸದಲ್ಲಿ ಕೊಲೆಸ್ಟೆರಾಲ್ ಕರಗುವ ಮಿತಿಯನ್ನು ಮೀರಿದ ಮಾತ್ರಕ್ಕೆ ಕಲ್ಲಾಗುವುದಿಲ್ಲ, ಹರಳುಗಟ್ಟಲು ಒಂದು ನೆಲೆ ಬೇಕು. ಮ್ಯೂಸಿನ್ನಿನ ಸಕ್ಕರೆಯಿಲ್ಲದ ಬೋಳು ಭಾಗಗಳು ಕೊಬ್ಬಿನ ಅಂಶಗಳನ್ನೂ ಬಿಲಿರುಬಿನ್ನನ್ನೂ ಹಿಡಿದುಕೊಳ್ಳುತ್ತವೆ, ಅದರ ಜೆಲ್ ಹರಳುಗಳನ್ನು ಹೊರಗೆ ಹರಿಯಲು ಬಿಡುವುದಿಲ್ಲ. ಪ್ರೇರಿ ಡಾಗ್ ಎಂಬ ಅಮೆರಿಕದ ದಂಶಕಗಳಿಗೆ ಕೊಲೆಸ್ಟೆರಾಲ್ ಹೆಚ್ಚಿರುವ ಆಹಾರ ಕೊಟ್ಟಾಗ ಹರಳು ಕಾಣುವ ಮೊದಲೇ ಲೋಳೆಯ ಸ್ರಾವ ಹೆಚ್ಚಿತು. 1981ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪಿರಿನ್ ಕೊಟ್ಟು ಆ ಸ್ರಾವವನ್ನು ತಡೆದಾಗ ಕಲ್ಲೂ ತಡೆಯಿತು. ಇದು ಪ್ರಾಣಿಗಳ ಮಾತು. ಯಾರೂ ಇದನ್ನು ಓದಿ ಔಷಧಿ ಅಂಗಡಿಗೆ ಹೋಗಬಾರದು.

ಇಷ್ಟು ಹೇಳಿದ್ದು ಒಂದು ಕಾರಣಕ್ಕೆ. ಕಲ್ಲಿದ್ದ ಪಿತ್ತಕೋಶದ ಲೋಳೆಯ ಕೋಶಗಳನ್ನು ‘ಸಹಜ’ ಎಂಬ ಶೀರ್ಷಿಕೆಯಡಿ ವರ್ಣಿಸುವುದು ತಪ್ಪಾಗುತ್ತದೆ. ನಿಮ್ಮ ಆರು ಮಾದರಿಗಳಲ್ಲಿ ಬೇರೆ ಕಾರಣಕ್ಕೆ ತೆಗೆದ, ಕಲ್ಲೂ ಉರಿಯೂತವೂ ಇಲ್ಲದ ಒಂದಾದರೂ ಇದೆಯೇ ಎಂದು ಮೊದಲು ತಿಳಿಯಿರಿ.


ಅಂಗಾಂಶಪ್ರಿಯೆ, ಬನಶಂಕರಿ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸಿ, ಸ್ಲೈಡುಗಳನ್ನು ಮತ್ತೊಮ್ಮೆ ಮಾಡಿ ಮುಗಿಸುವವರೆಗೆ ಕಾದಿದ್ದೆ.

ಮೈಕ್ರೋಟೋಮ್ ಸರ್, ನೋಂದಣಿ ಪುಸ್ತಕವನ್ನು ತರಿಸಿ ನೋಡಿದೆ. ‘ಕತ್ತು’ ಎಂದು ನಾನು ನಂಬಿದ್ದ ಬ್ಲಾಕು ಬುಡದ್ದಾಗಿತ್ತು. ಎರಡು ಕ್ಯಾಸೆಟ್ಟುಗಳ ಸಂಖ್ಯೆ ಅದಲುಬದಲಾಗಿತ್ತು, ತಪ್ಪು ನನ್ನದೇ. ಹಾಗಾಗಿ ಮಜೆಂಟಾ ಗ್ರಂಥಿಗಳು ಕೋಶದರ್ಶಿ ಅವರು ಹೇಳಿದಂತೆ ಪೈಲೋರಸ್ ಬಗೆಯವೇ ಎಂದು ತೋರುತ್ತದೆ. ಡಯಾಸ್ಟೇಸ್ ನಂತರವೂ ಅವುಗಳ ಬಣ್ಣ ಹೋಗಲಿಲ್ಲ, ಪಿಎಚ್ 1.0ರಲ್ಲಿ ಅವು ನೀಲಿ ಹಿಡಿಯಲೂ ಇಲ್ಲ. ನಿಜವಾದ ಕತ್ತಿನ ಬ್ಲಾಕನ್ನು ಈಗಷ್ಟೇ ಕತ್ತರಿಸಿದ್ದೇನೆ. ಒಡಲಿನ ನೀಲಿ ಅಂಚು ಪಿಎಚ್ 1.0ರಲ್ಲಿಯೂ ಉಳಿದಿದೆ, ಸ್ವಲ್ಪ ಮಂಕಾಗಿ. ನೀರು ತಾಗಿಸದೆ ಕಾಗದದಿಂದ ಒತ್ತುವಾಗ ಒಂದು ಸೆಕ್ಷನ್ ಕಾಗದಕ್ಕೇ ಅಂಟಿಕೊಂಡು ಬಂತು.

ಕಿಣ್ವವಿಲ್ಲದ ಬಫರಿನ ಸೆಕ್ಷನ್ ಕಂದಾಗಲಿಲ್ಲ, ಆದ್ದರಿಂದ ಸಯಾಲಿಕ್ ಆಮ್ಲದ ವಿಚಾರವನ್ನು ಧೈರ್ಯವಾಗಿ ಬರೆಯಬಹುದು ಅಂದುಕೊಂಡಿದ್ದೇನೆ. ಆರರಲ್ಲಿ ಐದು ಕಲ್ಲಿದ್ದವು. ಒಂದನ್ನು ಮಾತ್ರ ಪಕ್ಕದ ಯಕೃತ್ತಿನ ಶಸ್ತ್ರಚಿಕಿತ್ಸೆಯ ವೇಳೆ ತೆಗೆಯಲಾಗಿದೆ, ಅದರಲ್ಲಿ ಉರಿಯೂತ ಕಾಣುತ್ತಿಲ್ಲ. ಪ್ರಬಂಧದ ಶೀರ್ಷಿಕೆಯಿಂದ ‘ಸಹಜ’ ಎಂಬ ಪದವನ್ನು ಹೊಡೆದುಹಾಕಿದ್ದೇನೆ. ರಕ್ತದ ಗುಂಪಿನ ಪಟ್ಟಿಯೂ ಸಿಕ್ಕಿದೆ: ಮೂವರು ಓ, ಇಬ್ಬರು ಬಿ, ಒಬ್ಬರು ಎ. ಗಾಬ್ಲೆಟ್ ಕೋಶಗಳಿರುವ ಪಿತ್ತಕೋಶ ಆ ಎ ಗುಂಪಿನವರದೇ ಆಗಿರುವುದರಿಂದ, ಹುರುಳಿ ಲೆಕ್ಟಿನ್ ಹಾಕುವ ಮೊದಲು ಎ ಗುಂಪಿನ, ಉರಿಯೂತವಿಲ್ಲದ ಇನ್ನೊಂದು ಮಾದರಿಗಾಗಿ ಕಾಯುತ್ತಿದ್ದೇನೆ.